ಮೂರು ಸಂಘಟನೆಗಳ ಒಬ್ಬ ಮೇಷ್ಟ್ರು: ಜೆ.ಬಿ. ಮಾರ್ಕ್ಸ್

ರಾಜಕೀಯ ಮೈತ್ರಿ ಎಂಬ ಪರಿಕಲ್ಪನೆಯನ್ನು ವ್ಯಾಖ್ಯೆಯಿಂದ ಆರಂಭಿಸಿದರೆ ಮಕ್ಕಳ ಮನಸ್ಸಿಗೆ ನಾಟುವುದಿಲ್ಲ. ಆದ್ದರಿಂದ ನಾನು ಒಬ್ಬ ವ್ಯಕ್ತಿಯ ಬದುಕಿನಿಂದ ಆರಂಭಿಸುತ್ತೇನೆ. ಅವರು ದಕ್ಷಿಣ ಆಫ್ರಿಕದ ಜೆ.ಬಿ. ಮಾರ್ಕ್ಸ್. ಹೆಸರು ಕೇಳಿದೊಡನೆ ಕಾರ್ಲ್ ಮಾರ್ಕ್ಸ್ ನೆನಪಾಗುವುದು ಸಹಜ. ಇವರು ಬೇರೆ, ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದವರು.

1903ರಲ್ಲಿ ವೆಂಟರ್ಸ್‌ಡಾರ್ಪ್‌ನಲ್ಲಿ ಹುಟ್ಟಿದ ಮಾರ್ಕ್ಸ್ ತರಬೇತಿ ಮುಗಿಸಿ ಶಾಲೆಯಲ್ಲಿ ಪಾಠ ಹೇಳಿದರು. 1928ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ರಾಜಕೀಯ ಚಟುವಟಿಕೆಯ ಕಾರಣಕ್ಕೆ ಕೆಲಸ ಹೋಯಿತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನಲ್ಲೂ ದುಡಿದರು. 1940ರ ದಶಕದಲ್ಲಿ ಆಫ್ರಿಕನ್ ಗಣಿ ಕಾರ್ಮಿಕರ ಸಂಘದ ಅಧ್ಯಕ್ಷರಾದರು. 1946ರ ಆಗಸ್ಟ್ 12ರಂದು, ದಿನಕ್ಕೆ 10 ಷಿಲ್ಲಿಂಗ್ ಕೂಲಿ ಕೇಳಿ, ಚಿನ್ನದ ಗಣಿಗಳ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಪೊಲೀಸರು ಒಂದು ವಾರದೊಳಗೆ ಅದನ್ನು ಮುರಿದರು. ಕನಿಷ್ಠ 9 ಮಂದಿ ಸತ್ತರು.

ಕಾಂಗ್ರೆಸ್ಸಿನೊಳಗೆ ಕಮ್ಯುನಿಸ್ಟರು ಇರಬಾರದೆಂದವರೂ ಇದ್ದರು. ಯುವಕ ನೆಲ್ಸನ್ ಮಂಡೇಲಾ ಅವರಲ್ಲೊಬ್ಬರು. ಆದರೂ 1950ರಲ್ಲಿ, ಸರ್ಕಾರ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ ವರ್ಷವೇ, ಮಾರ್ಕ್ಸ್ ಟ್ರಾನ್ಸ್‌ವಾಲ್ ಪ್ರಾಂತ್ಯದ ಕಾಂಗ್ರೆಸ್ ಅಧ್ಯಕ್ಷರಾದರು. 1952ರಲ್ಲಿ ಸರ್ಕಾರ ಅವರ ಮೇಲೂ ನಿರ್ಬಂಧ ಹೇರಿದಾಗ ಆ ಸ್ಥಾನಕ್ಕೆ ಬಂದವರು ಅದೇ ಮಂಡೇಲಾ. ಮುಂದೆ ಮಾರ್ಕ್ಸ್ ಕಮ್ಯುನಿಸ್ಟ್ ಪಕ್ಷದ ಅಧ್ಯಕ್ಷರಾಗಿ, 1963ರಲ್ಲಿ ದೇಶ ಬಿಟ್ಟು, 1972ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. 2015ರಲ್ಲಿ ಅವರ ಅವಶೇಷಗಳು ತಾಯ್ನಾಡಿಗೆ ಮರಳಿದವು.

ಅವರು ಒಬ್ಬರೇ ಹೊತ್ತಿದ್ದ ಮೂರು ಸದಸ್ಯತ್ವಗಳು 1990ರ ನಂತರ ಮೂರು ಸಂಘಟನೆಗಳ ಬಹಿರಂಗ ಮೈತ್ರಿಯಾದವು: ಕಾಂಗ್ರೆಸ್, ಕಮ್ಯುನಿಸ್ಟ್ ಪಕ್ಷ ಮತ್ತು ಕೊಸಾಟು ಎಂಬ ಕಾರ್ಮಿಕ ಒಕ್ಕೂಟ. 1994ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಅಲ್ಲಿಂದ ಮೈತ್ರಿಯ ಸ್ವರೂಪವೇ ಬದಲಾಯಿತು. ಹೋರಾಟದ ಸಂಗಾತಿಯೇ ಈಗ ಸಂಬಳ ಕೊಡುವ ಧಣಿ. 2010ರಲ್ಲಿ ಸರ್ಕಾರಿ ನೌಕರರು ಸುಮಾರು ಮೂರು ವಾರ ಮುಷ್ಕರ ಮಾಡಿದರು. ಕೊಸಾಟುವಿಗೆ ಸೇರಿದ ಸಂಘದ ಶಿಕ್ಷಕರೂ ಬೀದಿಗಿಳಿದಿದ್ದರು.

ಪ್ರಶಿಕ್ಷಣಾರ್ಥಿಗಳು ಈ ಪಾಠವನ್ನು ಇಲ್ಲಿಗೇ ನಿಲ್ಲಿಸಬಾರದೆಂಬುದು ನನ್ನ ಸಲಹೆ. ಕಪ್ಪುಹಲಗೆಯ ಮೇಲೆ ಮೂರು ವೃತ್ತ ಬರೆಯಿರಿ. ಅವು ಕೂಡುವ ಜಾಗದಲ್ಲಿ ಮಾರ್ಕ್ಸ್ ಹೆಸರಿರಲಿ. ಕೂಡಿದರೂ ವೃತ್ತಗಳು ಮೂರೇ ಎಂಬುದನ್ನು ಮಕ್ಕಳೇ ಗುರುತಿಸಲಿ. ಮೈತ್ರಿಯೆಂದರೆ ವಿಲೀನವಲ್ಲ, ಮಿತ್ರಪಕ್ಷದ ಸರ್ಕಾರದ ಮುಂದೆಯೂ ಸದಸ್ಯರ ಪರವಾಗಿ ಮಾತಾಡಬಲ್ಲ ಸಂಘವೇ ಸಂಘವಾಗಿ ಉಳಿಯುತ್ತದೆ ಎಂದು ನಾನು ತಿಳಿದಿದ್ದೇನೆ. ಇದನ್ನು ಒಪ್ಪದ ವಿದ್ಯಾರ್ಥಿ ಕಾರಣ ಕೊಟ್ಟರೆ ಪೂರ್ತಿ ಅಂಕ ಕೊಡಿ. ಮೌಲ್ಯಮಾಪನಕ್ಕೆ ಈ ಒಂದು ಪ್ರಶ್ನೆ ಸಾಕು: ಮುಷ್ಕರದಲ್ಲಿದ್ದ ಆ ಶಿಕ್ಷಕರು ಮುಂದಿನ ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕಿತ್ತು, ಏಕೆ?