ಬೆಳಕಿನ ಲೆಕ್ಕ ಬರೆದ ಇಬ್ನ್ ಅಲ್-ಹೈಥಮ್

ಭಂಡಿಗಡಿಯ ನಮ್ಮ ಮನೆಗೆ ಹೆಂಚಿನ ಮಾಡು. ಒಂದು ಹೆಂಚಿನಲ್ಲಿ ಸಣ್ಣ ತೂತಿದೆ. ಬೆಳಿಗ್ಗೆ ಅದರಿಂದ ಒಳಗೆ ದುಂಡನೆಯ ಬೆಳಕು ಬೀಳುತ್ತದೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಾಸರಗೋಡಿನ ಕಡೆ ಸೂರ್ಯ ಬಳೆಯ ಹಾಗೆ ಕಂಡಿತು, ನಮ್ಮಲ್ಲಿ ಪೂರ್ತಿ ಬಳೆಯಾಗಲಿಲ್ಲ. ದಾದಿ ನಮ್ಮನ್ನು ಅಂಗಳಕ್ಕೆ ಬಿಡಲಿಲ್ಲ. ಆದರೆ ಒಳಗಿನ ಆ ದುಂಡು ಬೆಳಕೇ ಈದ್ ಚಂದ್ರನಂತೆ ಬಾಗಿತ್ತು! ತೂತು ಮೊದಲಿನಂತೆಯೇ ಇತ್ತು, ಬಾಗಿದ್ದು ಸೂರ್ಯನ ರೂಪ. ಸಾವಿರ ವರ್ಷಗಳ ಹಿಂದೆ ಇದನ್ನೇ ಪರೀಕ್ಷಿಸಿ ಗ್ರಂಥ ಬರೆದವರೊಬ್ಬರು ಇದ್ದರೆಂದು ನನಗೆ ಗೊತ್ತಾದದ್ದು ಈಚೆಗೆ.

ಅವರು ಅಬೂ ಅಲಿ ಅಲ್-ಹಸನ್ ಇಬ್ನ್ ಅಲ್-ಹೈಥಮ್. ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಜನಿಸಿದರು. ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರುವ ಉಪಾಯ ಅವರಲ್ಲಿದೆ ಎಂಬ ಸುದ್ದಿ ಈಜಿಪ್ಟಿನ ಖಲೀಫ ಅಲ್-ಹಾಕಿಮ್‌ಗೆ ತಲುಪಿತು. ಖಲೀಫ ಅವರನ್ನು ಕರೆಸಿಕೊಂಡ. ಮುಂದಿನದನ್ನು ಚರಿತ್ರೆಕಾರ ಇಬ್ನ್ ಅಲ್-ಕಿಫ್ತಿ ಹೀಗೆ ಹೇಳುತ್ತಾರೆ. ನದಿಯುದ್ದಕ್ಕೂ ದಕ್ಷಿಣಕ್ಕೆ ಹೋಗುವಾಗ ದಾರಿಯಲ್ಲಿ ಹಳೆಯ ಈಜಿಪ್ಟಿನವರ ಭಾರೀ ಕಟ್ಟಡಗಳು ಕಂಡವು. ಇಷ್ಟು ಬಲ್ಲವರಿಗೇ ಆಗದ ಕೆಲಸ ತನ್ನಿಂದಾಗದು ಎಂದು ಅವರಿಗೆ ಅನ್ನಿಸಿತು. ಅಸ್ವಾನ್ ಬಳಿಯ ಜಾಗ ನೋಡಿದ ಮೇಲೆ ಅದು ಖಾತ್ರಿಯಾಯಿತು. ಹಿಂದಿರುಗಿ ಬಂದು ಸೋಲನ್ನು ಒಪ್ಪಿಕೊಂಡರು.

ಅಲ್-ಹಾಕಿಮ್ ಯಾವಾಗ ಯಾರ ತಲೆ ತೆಗೆಸುತ್ತಾನೋ ಹೇಳಲಾಗದಂಥ ಅರಸ. ಅವನು ಕೊಟ್ಟ ಕಚೇರಿ ಕೆಲಸವೂ ಭಯದ್ದೇ. ತಪ್ಪಿಸಿಕೊಳ್ಳಲು ಇಬ್ನ್ ಅಲ್-ಹೈಥಮ್ ಹುಚ್ಚರಂತೆ ನಟಿಸಿದರು. ಅವರ ಆಸ್ತಿ ಜಪ್ತಿಯಾಯಿತು, ಅವರನ್ನು ಮನೆಯೊಳಗೇ ಕೂಡಿಹಾಕಿದರು. 1021ರಲ್ಲಿ ಖಲೀಫ ಇಲ್ಲವಾಗುವವರೆಗೆ ನಾಟಕ ನಡೆಯಿತು. ಅಷ್ಟು ದೊಡ್ಡ ಪಂಡಿತರು ದಿನವೂ ಹುಚ್ಚರಾಗಿ ಕಾಣಿಸಿಕೊಳ್ಳಬೇಕಾಗಿದ್ದನ್ನು ಯೋಚಿಸಿದರೆ ನನಗೆ ಬೇಸರವಾಗುತ್ತದೆ.

ಅವರ ಮುಖ್ಯ ಗ್ರಂಥ ಕಿತಾಬ್ ಅಲ್-ಮನಾಝಿರ್, ಏಳು ಭಾಗಗಳದ್ದು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಯೂಕ್ಲಿಡ್, ಟಾಲೆಮಿ ನಂಬಿದ್ದರು. ಇವರು ಅದನ್ನು ಒಪ್ಪಲಿಲ್ಲ. ಸೂರ್ಯನನ್ನು ನೋಡಿದರೆ ಕಣ್ಣು ನೋಯುತ್ತದೆ, ಅಂದರೆ ಬೆಳಕು ಹೊರಗಿನಿಂದ ಒಳಗೆ ಬರುತ್ತಿದೆ.

ಅವರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕತ್ತಲೆ ಕೋಣೆಗೆ ಒಂದು ತೂತು, ಹೊರಗೆ ಬೇರೆ ಬೇರೆ ಜಾಗದಲ್ಲಿ ದೀಪಗಳು. ಎಷ್ಟು ದೀಪವೋ ಒಳಗಿನ ಗೋಡೆಯಲ್ಲಿ ಅಷ್ಟೇ ಬೆಳಕಿನ ಚುಕ್ಕೆ. ಒಂದು ದೀಪವನ್ನು ಮುಚ್ಚಿದರೆ ಅದರ ಚುಕ್ಕೆ ಮಾತ್ರ ಮಾಯ. ಎಲ್ಲ ಬೆಳಕೂ ಒಂದೇ ತೂತಿನಲ್ಲಿ ಹಾದರೂ ಒಂದಕ್ಕೊಂದು ಬೆರೆಯುವುದಿಲ್ಲ. ಕಾಮರ್ಸ್‌ನವರಿಗೆ ಹೇಳುವುದಾದರೆ ಪ್ರತಿ ದೀಪಕ್ಕೂ ಬೇರೆ ಖಾತೆ.

ನನ್ನ ಖಾಲಾರ ಮಗ ಕಂಪ್ಯೂಟರಿನಲ್ಲಿ ಮನೆಯ ಒಳಾಂಗಣದ ಚಿತ್ರ ಮಾಡುತ್ತಾರೆ. ಕಟ್ಟದೇ ಇರುವ ಕೋಣೆಯಲ್ಲಿ ಸೋಫಾ, ದೀಪ, ನೆರಳು ಎಲ್ಲ ಕಾಣುತ್ತದೆ. ಅವರ ಸಾಫ್ಟ್‌ವೇರ್ ಕೂಡ ಪ್ರತಿ ದೀಪದ ಬೆಳಕನ್ನು ಬೇರೆಯಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸುತ್ತದೆ. ದೀಪವನ್ನು ಬರೀ ಚುಕ್ಕೆಯಾಗಿ ಇಟ್ಟರೆ ನೆರಳಿನ ಅಂಚು ಬ್ಲೇಡಿನಲ್ಲಿ ಕತ್ತರಿಸಿದಂತೆ ಬರುತ್ತದೆ, ಕಿಟಕಿಯಷ್ಟು ಅಗಲ ಮಾಡಿದರೆ ಅಂಚು ಮೃದುವಾಗುತ್ತದೆ. ನೆರಳಿನ ಬಗ್ಗೆಯೇ ಇಬ್ನ್ ಅಲ್-ಹೈಥಮ್ ಒಂದು ಪ್ರತ್ಯೇಕ ಪ್ರಬಂಧ ಬರೆದಿದ್ದರು. ಬೆಳಕು ಬಿದ್ದ ಗೋಡೆ ತಾನೂ ಸುತ್ತಲೂ ಬೆಳಕು ಚೆಲ್ಲುತ್ತದೆ, ಬಣ್ಣದ ವಸ್ತುವಿನ ಪಕ್ಕದ ಬಿಳಿ ಬಟ್ಟೆಗೆ ಅದರ ಬಣ್ಣ ತಾಗುತ್ತದೆ ಎಂದೂ ತೋರಿಸಿದ್ದರು. ಈ ಲೆಕ್ಕ ಬಿಟ್ಟರೆ ಕಂಪ್ಯೂಟರಿನ ಕೋಣೆಯ ಮೂಲೆಗಳು ಮಸಿ ಬಳಿದಂತೆ ಕಪ್ಪಾಗಿರುತ್ತವೆ.

ತಮಾಷೆಯೆಂದರೆ ಇಂಥ ಹೆಚ್ಚಿನ ಸಾಫ್ಟ್‌ವೇರ್‌ಗಳು ಕಿರಣವನ್ನು ಕ್ಯಾಮೆರಾದಿಂದ ಹಿಂದಕ್ಕೆ ಹುಡುಕುತ್ತಾ ಹೋಗುತ್ತವೆ, ಯೂಕ್ಲಿಡ್ ಹೇಳಿದಂತೆಯೇ! ದೀಪದಿಂದ ಹೊರಟ ಬಹುಪಾಲು ಬೆಳಕು ಕಣ್ಣಿಗೆ ಬರುವುದೇ ಇಲ್ಲವಾದ್ದರಿಂದ ಹೀಗೆ ಮಾಡಿದರೆ ಲೆಕ್ಕ ಉಳಿಯುತ್ತದೆ. ದಾರಿ ಎರಡು ಕಡೆಯಿಂದಲೂ ಒಂದೇ.

ಬಿಡುಗಡೆಯ ನಂತರ ಅವರು ಅಲ್-ಅಝ್ಹರ್ ಮಸೀದಿಯ ಹತ್ತಿರ ವಾಸವಾಗಿದ್ದರು. ವರ್ಷಕ್ಕೊಮ್ಮೆ ಯೂಕ್ಲಿಡ್, ಟಾಲೆಮಿ ಮುಂತಾದವರ ಗ್ರಂಥಗಳನ್ನು ಕೈಯಲ್ಲಿ ನಕಲು ಮಾಡಿ 150 ದಿನಾರಿಗೆ ಮಾರುತ್ತಿದ್ದರು, ಚೌಕಾಸಿ ಇಲ್ಲ, ಅದೇ ವರ್ಷದ ಖರ್ಚು. ತಾನು ಒಪ್ಪದವರ ಪುಸ್ತಕವನ್ನೂ ತಪ್ಪಿಲ್ಲದೆ ಬರೆದು ಹೊಟ್ಟೆ ಹೊರೆದರು. ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡರು. ಮನಾಝಿರ್ ಲ್ಯಾಟಿನ್‌ಗೆ ಅನುವಾದವಾಗಿ 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಈಗ ಇರಾಕಿನ 10,000 ದಿನಾರ್ ನೋಟಿನ ಮೇಲೆ ಅವರ ಚಿತ್ರವಿದೆ.