ಆಚಾರ್ಯ ವರಾಹಮಿಹಿರ

ನಮ್ಮ ದೇಶದಲ್ಲಿ ಮಳೆಯನ್ನು ಕುರಿತು ಶಾಸ್ತ್ರರೂಪವಾಗಿ ಚಿಂತಿಸಿದವರಲ್ಲಿ ವರಾಹಮಿಹಿರನ ಹೆಸರು ಮುಖ್ಯವಾದುದು. ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಅವಂತಿ ದೇಶದಲ್ಲಿ ಬಾಳಿದ ಈತನ ವಿದ್ಯೆಯ ಹರಿವು ನಮ್ಮ ಹೈದರಾಬಾದಿನ ನೆರೆಯ ಪಟಾನ್‌ಚೆರುವನ್ನೂ ಮುಟ್ಟಿದ್ದುಂಟು. ಆ ಸಂಗತಿಯನ್ನು ಮುಂದೆ ಹೇಳುವೆವು.

ಈತನ ತಂದೆ ಆದಿತ್ಯದಾಸ, ತಂದೆಯೇ ಗುರು. ಕಪಿತ್ಥಕವೆಂಬ ಊರಿನಲ್ಲಿ ಸೂರ್ಯನನ್ನು ಆರಾಧಿಸಿ ವರವನ್ನು ಪಡೆದುದಾಗಿ ತಾನೇ ಬರೆದುಕೊಂಡಿದ್ದಾನೆ. ರಾಜಕುಮಾರನಿಗೆ ವರಾಹದಿಂದ ಮರಣವೆಂದು ಮೊದಲೇ ನುಡಿದುದರಿಂದ ಮಿಹಿರನು ವರಾಹಮಿಹಿರನಾದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ, ಅದನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಆತನ ನಿಜವಾದ ಹಿರಿಮೆಗೆ ಗ್ರಂಥಗಳೇ ಸಾಕ್ಷಿ. ‘ಪಂಚಸಿದ್ಧಾಂತಿಕೆ’ಯಲ್ಲಿ ಅಂದಿನ ಐದು ಖಗೋಳ ಸಿದ್ಧಾಂತಗಳನ್ನು ಸಂಗ್ರಹಿಸಿ, ಶಕವರ್ಷ 427, ಎಂದರೆ ಕ್ರಿ.ಶ. 505ನ್ನು ಗಣನೆಗೆ ಮೊದಲಾಗಿ ಇಟ್ಟುಕೊಂಡನು. ಅವುಗಳಲ್ಲಿ ರೋಮಕವೆಂಬುದೂ ಒಂದು. ವಿದ್ಯೆ ಪರದೇಶದಿಂದ ಬಂದುದಾದರೂ ಆದರಿಸತಕ್ಕದ್ದೆಂಬುದು ಆತನ ಮತವಾಗಿತ್ತು. ಗ್ರಹಣಕ್ಕೆ ರಾಹು ಕಾರಣನಲ್ಲ, ಭೂಮಿಯ ನೆರಳೂ ಚಂದ್ರನ ಮರೆಯೂ ಕಾರಣವೆಂದು ಆತನು ಸ್ಪಷ್ಟವಾಗಿ ತಿಳಿಸಿದನು.

ಮಳೆಯ ವಿಚಾರವು ಬರುವುದು ‘ಬೃಹತ್ಸಂಹಿತೆ’ಯೆಂಬ ಮಹಾಗ್ರಂಥದಲ್ಲಿ. ಲೋಕಕ್ಕೆ ಅನ್ನವೇ ಪ್ರಾಣ, ಅನ್ನಕ್ಕೆ ಮಳೆಯೇ ಆಧಾರ, ಆದಕಾರಣ ಮಳೆಗಾಲವನ್ನು ಶ್ರಮವಹಿಸಿ ಪರೀಕ್ಷಿಸಬೇಕೆಂಬುದು ಆ ಪ್ರಕರಣದ ಪೀಠಿಕೆ. ಗರ್ಗ, ಪರಾಶರ, ಕಾಶ್ಯಪ ಮೊದಲಾದ ಪೂರ್ವಿಕರ ಮತಗಳನ್ನು ಆತನು ಅಲ್ಲಿ ಸ್ಮರಿಸಿದ್ದಾನೆ. ಮೇಘವು ಮೊದಲು ಗರ್ಭವನ್ನು ಧರಿಸುವುದು. 195 ದಿನಗಳ ಮೇಲೆ, ಚಂದ್ರನು ಮರಳಿ ಅದೇ ನಕ್ಷತ್ರದಲ್ಲಿರುವಾಗ, ಮಳೆಯಾಗಿ ಹೆರುವುದು. ಮಾರ್ಗಶಿರ ಶುಕ್ಲ ಪಾಡ್ಯದಿಂದ ಮುಂದೆ, ಚಂದ್ರನು ಪೂರ್ವಾಷಾಢೆಗೆ ಬಂದಂದಿನಿಂದ ದೈವಜ್ಞನು ಆಕಾಶವನ್ನು ಕಾಯಬೇಕು. ಶುಕ್ಲಪಕ್ಷದ ಗರ್ಭಕ್ಕೆ ಕೃಷ್ಣಪಕ್ಷದಲ್ಲಿ ಮಳೆ, ಹಗಲಿನದಕ್ಕೆ ಇರುಳಿನಲ್ಲಿ. ಗಾಳಿ, ಮಿಂಚು, ಗುಡುಗು, ಮೋಡ, ತುಂತುರು, ಸೂರ್ಯಚಂದ್ರರ ಸುತ್ತಣ ಪರಿವೇಷ, ಇವೆಲ್ಲ ಅಲ್ಲಿ ಲಕ್ಷಣಗಳೇ. ಉಲ್ಕೆ, ಧೂಳುಗಾಳಿ, ಭೂಕಂಪಗಳು ಗರ್ಭಕ್ಕೆ ಹಾನಿ. ನಾವು ಎಣಿಸಿ ನೋಡಿದೆವು: ಡಿಸೆಂಬರ್ 1ರಿಂದ 195 ದಿನ ಕಳೆದರೆ ಜೂನ್ ತಿಂಗಳ ನಡುವಿಗೆ ಬರುತ್ತೇವೆ. ನಮ್ಮ ಕಡೆ ಮುಂಗಾರು ನೆಲೆಗೊಳ್ಳುವ ಕಾಲವೂ ಅದೇ.

ಆಷಾಢದ ಹುಣ್ಣಿಮೆಯ ಪರೀಕ್ಷೆಯು ಇನ್ನೂ ಸ್ವಾರಸ್ಯವುಳ್ಳದ್ದು. ಬಗೆಬಗೆಯ ಬೀಜಗಳನ್ನು ಸಂಜೆ ತೂಗಿಟ್ಟು ಮರುದಿನ ಮತ್ತೆ ತೂಗಬೇಕು. ತೂಕ ಹೆಚ್ಚಿದ ಬೆಳೆ ಆ ವರ್ಷ ಚೆನ್ನಾಗಿ ಬರುವುದೆಂದು ನಿರ್ಣಯ. ಒಣಬೀಜವು ಗಾಳಿಯ ತೇವವನ್ನು ಹೀರಿದರೆ ತೂಕ ಏರುವುದು ಸಹಜ. ಆದರೆ ಒಂದು ರಾತ್ರಿಯ ತೇವವು ಇಡೀ ವರ್ಷದ ಬೆಳೆಯನ್ನು ಹೇಳಲಾರದು. ಸದ್ಯದ ಮಳೆಗೆ ಆತನು ಕೊಟ್ಟ ಗುರುತುಗಳು ನಮ್ಮ ರೈತರಿಗೂ ಪರಿಚಿತವಾದವು: ಇರುವೆಗಳು ಮೊಟ್ಟೆಯನ್ನು ಹೊತ್ತು ಸಾಗುವುದು, ಹಾವು ಮರವನ್ನೇರುವುದು, ಹಸುಗಳು ಕುಣಿಯುವುದು, ಬೆಕ್ಕು ಉಗುರಿನಿಂದ ನೆಲವನ್ನು ಕೆರೆಯುವುದು. ಬೀದಿಯಲ್ಲಿ ಮಕ್ಕಳು ಮಣ್ಣಿನ ಕಟ್ಟೆ ಕಟ್ಟುವುದನ್ನೂ ಆತನು ಈ ಪಟ್ಟಿಯಲ್ಲಿ ಸೇರಿಸಿದ್ದಾನೆ! ಬಿದ್ದ ಮಳೆಯನ್ನು ಅಳೆಯುವ ಕ್ರಮವೂ ಅಲ್ಲಿದೆ. ಒಂದು ಮೊಳ ಅಗಲದ ಪಾತ್ರೆಯನ್ನಿಟ್ಟು, ಕೂಡಿದ ನೀರನ್ನು 50 ಪಲಕ್ಕೆ ಒಂದು ಆಢಕದಂತೆ ಲೆಕ್ಕಿಸಬೇಕು. ನಾಲ್ಕು ಆಢಕ ಸೇರಿದರೆ ಒಂದು ದ್ರೋಣ.

ಇಷ್ಟು ಬಲ್ಲವನು ಮಳೆಗೆ ನಕ್ಷತ್ರವನ್ನೇ ಕಾರಣವೆಂದು ಏಕೆ ನಂಬಿದನು? ಕಡಲಿನ ಮೇಲಿಂದ ನೀರಾವಿಯನ್ನು ಹೊತ್ತುತರುವ ಮಾರುತಗಳ ಪೂರ್ಣ ಪರಿಚಯವು ಆ ಕಾಲಕ್ಕೆ ದೊರೆತಿರಲಿಲ್ಲ. ಋತುಗಳಿಗೆ ಆಕಾಶವೇ ಗಡಿಯಾರವಾಗಿತ್ತು. ಗಡಿಯಾರವು ಹೊತ್ತನ್ನು ತೋರಿಸುವುದೇ ಹೊರತು ಮಳೆಯನ್ನು ಸುರಿಸುವುದಿಲ್ಲ. ಆ ಗಡಿಯಾರವೂ ಮೆಲ್ಲನೆ ಸರಿಯುತ್ತದೆಂಬುದನ್ನು ಆತನೇ ಕಂಡಿದ್ದನು. ಹಿಂದೆ ಆಶ್ಲೇಷೆಯ ನಡುವೆ ಆಗುತ್ತಿದ್ದ ದಕ್ಷಿಣಾಯನವು ತನ್ನ ಕಾಲಕ್ಕೆ ಕರ್ಕದ ಮೊದಲಿಗೆ ಬಂದಿದೆಯೆಂದು ಗುರುತಿಸಿದನು. ಇಂದು ಸೂರ್ಯನು ದಕ್ಷಿಣಕ್ಕೆ ತಿರುಗುವುದು ಜೂನ್ 21ರ ಸುಮಾರಿಗೆ; ಪಂಚಾಂಗದ ಕರ್ಕ ಸಂಕ್ರಾಂತಿ ಜುಲೈ ನಡುವೆ. ನಕ್ಷತ್ರವನ್ನು ನೋಡಿ ಬಿತ್ತುವ ರೈತನಿಗೆ ಮೂರು ವಾರವೆಂದರೆ ಸಣ್ಣ ಮಾತಲ್ಲ. ಮಣ್ಣಿಗೆ ಹಾಕಿದ ಬೀಜವೇ ಹಾಳಾಗಬಹುದು. ಯುಗಾದಿಯಂದು ಮೇಘಾಧಿಪತಿಯ ಫಲವನ್ನು ಕೇಳುವಾಗ ನಾವು ಇದನ್ನು ನೆನೆಯುವುದು ಒಳ್ಳೆಯದು.

ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥನಾದ ಬ್ಲಾನ್‌ಫರ್ಡನು ಹಿಮಾಲಯದ ಹಿಮವನ್ನು ಗಮನಿಸಿ 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಹೊರಡಿಸಿದನು. ಚಳಿಗಾಲದ ಚಿಹ್ನೆಯಿಂದ ಮಳೆಗಾಲವನ್ನು ಊಹಿಸುವ ಹಂಬಲವು ಇಬ್ಬರದೂ ಒಂದೇ. ಸಾಧನ ಮಾತ್ರ ಬೇರೆ.

ಇನ್ನು ಪಟಾನ್‌ಚೆರುವಿನ ಸಂಗತಿ. ಹಿಂದೆ ಇದು ಪೊಟ್ಟಳಕೆರೆ. ಕಲ್ಯಾಣದ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ನೆಲೆವೀಡು. ಆ ಅರಸನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದನು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ.) ಜ್ಯೋತಿಷ, ವಾಸ್ತು, ಅಂತರ್ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಅಡುಗೆ, ವೈದ್ಯ, ಶಕುನಗಳು ಅದರಲ್ಲಿವೆ. ವರಾಹಮಿಹಿರನು ಸಂಸ್ಕೃತದಲ್ಲಿ ಒಂದುಗೂಡಿಸಿದ ಇಂಥ ವಿದ್ಯೆಗಳು ಹೀಗೆ ಕನ್ನಡಿಗರ ಕೈಗೆ ಬಂದವು. ಮುಂದೆ ಸುಮಾರು 1300ರಲ್ಲಿ ಅರ್ಹದ್ದಾಸನು ಮಳೆ, ಮಿಂಚು, ಭೂಕಂಪ, ಶಕುನಗಳ ಮೇಲೆ ‘ರಟ್ಟಮತ’ವೆಂಬ ಕನ್ನಡ ಗ್ರಂಥವನ್ನೇ ಬರೆದನು.

ಅದೇ ಪಟಾನ್‌ಚೆರುವಿನಲ್ಲಿ 1972ರಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಸ್ಥಾಪನೆಗೊಂಡಿತು. ಮಳೆ ಕಡಮೆಯಾದ ಸೀಮೆಗಳಿಗಾಗಿ ಅಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ನೆಲಗಡಲೆಗಳ ಸಂಶೋಧನೆ ನಡೆಯಿತು. ಆ ಸಂಸ್ಥೆಯಲ್ಲಿ ಬಹುಕಾಲ ದುಡಿದ ವಿಜ್ಞಾನಿ ವೈ. ಎಲ್. ನೆನೆಯವರು 1994ರಲ್ಲಿ ಸಿಕಂದರಾಬಾದಿನಲ್ಲಿ ಕೃಷಿಚರಿತ್ರೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಚಾವುಂಡರಾಯನ ‘ಲೋಕೋಪಕಾರ’ವನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದುದು ಆ ಪ್ರತಿಷ್ಠಾನವೇ.