ನೆಲದಡಿಯ ಸೀಳು ತೋರಿಸಿದ ತಕ್ಕಡಿ

ಜ್ವಾಲಾಮುಖಿ ಸೀಮೆಗಳಲ್ಲಿ ಭೂಗರ್ಭದ ಬಿಸಿನೀರು ಎಲ್ಲೆಂದರಲ್ಲಿ ಮೇಲೇರುವುದಿಲ್ಲ. ಬಂಡೆಗಳು ಸೀಳಿ ಜಾರಿದ ಸ್ತರಭಂಗಗಳೇ ಬಹುಪಾಲು ಅದರ ದಾರಿ. ಆ ದಾರಿ ತಪ್ಪಿಸಿ ಕೊರೆದ ಬಾವಿಗೆ ಸುರಿದ ಹಣ ನೀರುಪಾಲು. ಲಾವಾ ಮತ್ತು ಬೂದಿಯಡಿ ಹೂತುಹೋದ ಇಂಥ ಸೀಳುಗಳನ್ನು ನೆಲ ಅಗೆಯದೆ, ಗುರುತ್ವಬಲದ ಏರಿಳಿತದಿಂದಲೇ ಪತ್ತೆಹಚ್ಚುವ ವಿದ್ಯೆಗೆ ತಳಹದಿ ಹಾಕಿದವರು ಹಂಗೇರಿಯ ಭೌತವಿಜ್ಞಾನಿ ಲೋರಾಂಡ್ ಎಟ್ವೋಶ್.

ಜನನ 1848ರ ಜುಲೈ 27. ತಂದೆ ಯೋಜೆಫ್ ಎಟ್ವೋಶ್ ಕಾದಂಬರಿಕಾರರು, ಶಿಕ್ಷಣ ಸಚಿವರೂ ಆಗಿದ್ದವರು. ಮಗ ಕಾನೂನು ಓದಲು ಸೇರಿ, ಅದನ್ನು ಬಿಟ್ಟು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋದರು. ಅಲ್ಲಿ ಕಿರ್ಚಾಫ್, ಬುನ್ಸನ್, ಹೆಲ್ಮ್‌ಹೋಲ್ಟ್ಸ್‌ರಂಥ ದಿಗ್ಗಜರು ಗುರುಗಳಾಗಿ ದೊರೆತರು. 1870ರಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿ, ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅವರ ಸಾಧನವಾದ ತಿರುಚು ತಕ್ಕಡಿ ನೋಡಲು ಸರಳ. ತೆಳು ಲೋಹದ ತಂತಿಯಲ್ಲಿ ತೂಗುವ ಒಂದು ಅಡ್ಡದಂಡ. ಅದರ ಒಂದು ತುದಿಯಲ್ಲಿ ಒಂದು ತೂಕ. ಇನ್ನೊಂದು ತುದಿಯಿಂದ ಕೆಳಕ್ಕೆ ಇಳಿಬಿಟ್ಟ ಮತ್ತೊಂದು ತೂಕ. ಎರಡು ತೂಕಗಳ ಮೇಲಿನ ಸೆಳೆತದಲ್ಲಿ ಕಿಂಚಿತ್ ವ್ಯತ್ಯಾಸವಿದ್ದರೂ ತಂತಿ ತಿರುಚಿಕೊಳ್ಳುತ್ತದೆ. ಗುರುತ್ವ ಎಷ್ಟಿದೆ ಎಂಬುದನ್ನಲ್ಲ, ಜಾಗದಿಂದ ಜಾಗಕ್ಕೆ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಈ ತಕ್ಕಡಿ ಅಳೆಯುತ್ತಿತ್ತು. ಎಟ್ವೋಶ್‌ರ ಜಾಣ್ಮೆಯೆಲ್ಲ ಇರುವುದು ಇಲ್ಲಿಯೇ. ಸ್ತರಭಂಗದ ಒಂದು ಬದಿ ಭಾರದ ಬಂಡೆ, ಇನ್ನೊಂದು ಬದಿ ಹಗುರ ಬಂಡೆ ಇದ್ದರೆ ಗುರುತ್ವ ಥಟ್ಟನೆ ಬದಲಾಗುವುದು ಆ ಗಡಿಯ ಆಸುಪಾಸಿನಲ್ಲಿಯೇ.

ಪ್ರಯೋಗಾಲಯದ ಇಷ್ಟು ಸೂಕ್ಷ್ಮ ಯಂತ್ರ ಗಾಳಿ, ಚಳಿ, ಬಿಸಿಲಿಗೆ ತಾಳೀತೇ? 1891ರಲ್ಲಿ ಎಟ್ವೋಶ್ ಅದನ್ನು ಪಶ್ಚಿಮ ಹಂಗೇರಿಯ ಶಾಗ್ ಬೆಟ್ಟಕ್ಕೆ ಹೊತ್ತೊಯ್ದರು. ಅದು ಆರಿದ ಜ್ವಾಲಾಮುಖಿಯ ಬಸಾಲ್ಟ್ ಅವಶೇಷ. ಆಕಾರ ಶಂಕುವಿನಂತಿದ್ದುದರಿಂದ ಬೆಟ್ಟದ ಸೆಳೆತವನ್ನು ಲೆಕ್ಕಹಾಕಿ ತಕ್ಕಡಿಯ ಅಳತೆಯೊಂದಿಗೆ ತಾಳೆ ನೋಡಬಹುದಿತ್ತು. 1901ರ ಚಳಿಗಾಲದಲ್ಲಿ ತಕ್ಕಡಿ ಹೆಪ್ಪುಗಟ್ಟಿದ ಬಾಲಟನ್ ಸರೋವರದ ಮೇಲೇರಿತು. ಮಂಜುಗಡ್ಡೆ ಸಮತಟ್ಟು, ಅಕ್ಕಪಕ್ಕದ ಗುಡ್ಡಗಳ ಕಾಟವಿಲ್ಲ. ಸರೋವರದ ಉದ್ದಕ್ಕೂ ಸಮಾನಾಂತರವಾಗಿ ನೆಲದಡಿ ರಚನಾರೇಖೆಯೊಂದು ಸಾಗಿರುವುದನ್ನು ಆ ಅಳತೆಗಳು ಸೂಚಿಸಿದವು.

ನಡುವೆ 1894ರಲ್ಲಿ ಅವರು ಕೆಲವು ತಿಂಗಳ ಮಟ್ಟಿಗೆ ಶಿಕ್ಷಣ ಸಚಿವರೂ ಆದರು. ಕುರ್ಚಿಗಿಂತ ಪರ್ವತವೇ ಅವರಿಗೆ ಪ್ರಿಯವಾಗಿತ್ತೆಂದು ತೋರುತ್ತದೆ. ಇಟಲಿಯ ಡೊಲೊಮೈಟ್ ಶ್ರೇಣಿಯ ಶಿಖರವೊಂದು ಇಂದಿಗೂ ಅವರ ಹೆಸರು ಹೊತ್ತಿದೆ. ಪುತ್ರಿಯರಿಬ್ಬರೂ ಪರ್ವತಾರೋಹಿಗಳೇ.

1906ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಭೂಮಾಪನ ಸಮ್ಮೇಳನ ಈ ಕೆಲಸವನ್ನು ಮೆಚ್ಚಿದ ಬಳಿಕ ಸರ್ಕಾರದ ಅನುದಾನ ಹರಿದುಬಂತು. ಆದರೆ ತೈಲಶೋಧದಲ್ಲಿ ತಕ್ಕಡಿಗೆ ದೊರೆತ ದೊಡ್ಡ ಗೆಲುವನ್ನು ನೋಡಲು ಅವರಿರಲಿಲ್ಲ. 1919ರ ಏಪ್ರಿಲ್ 8ರಂದು, ದೇಶ ಕ್ರಾಂತಿಯ ಕೋಲಾಹಲದಲ್ಲಿದ್ದಾಗ, ಅವರು ಕೊನೆಯುಸಿರೆಳೆದರು. ಐದು ವರ್ಷಗಳ ನಂತರ ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ತಕ್ಕಡಿ ನೆಲದಡಿಯ ಉಪ್ಪಿನ ಗುಮ್ಮಟವೊಂದನ್ನು ಪತ್ತೆಹಚ್ಚಿತು.

ಮುಂದೆ ತಕ್ಕಡಿಯ ಜಾಗಕ್ಕೆ ವೇಗದ ಗ್ರಾವಿಮೀಟರುಗಳು ಬಂದವು. ಆದರೆ ಭೂಶಾಖ ಕ್ಷೇತ್ರಗಳ ನಕ್ಷೆಯಲ್ಲಿ ಗುರುತ್ವ ತೀವ್ರವಾಗಿ ಬದಲಾಗುವೆಡೆ ಸ್ತರಭಂಗದ ಗೆರೆ ಎಳೆಯುವ ಕ್ರಮ ಉಳಿದಿದೆ. ಆ ಬದಲಾವಣೆಯನ್ನು ಅಳೆಯುವ ಮಾನಕ್ಕೆ ವಿಜ್ಞಾನಲೋಕ ಇಟ್ಟಿರುವ ಹೆಸರು ಎಟ್ವೋಶ್.